ಅಣ್ಣನ ಪಾಲಿನ ಪುಡಿ

ತಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸುವಾಗ ಶಿದ್ರಾಮಪ್ಪನಿಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಬನಹಟ್ಟಿಯ ಆ ಓಣಿಯಲ್ಲಿ ಅವತ್ತು ಒಂದು ಮಗ್ಗವೂ ಸದ್ದು ಮಾಡಲಿಲ್ಲ. ತೇರದಾಳ, ಸಾವಳಗಿಯಿಂದ ಬಸ್ಸು ಹತ್ತಿ ಬಂದವರು ಚನಮಲ್ಲಪ್ಪನ ಗಲ್ಲ ಮುಟ್ಟಿ ಮುಟ್ಟಿ ಅಳುತ್ತಿದ್ದರು. ಮೂವತ್ತು ವರ್ಷ ಕುಡಿದು ಸತ್ತವನಿಗೆ ಇಷ್ಟು ಮಂದಿ! ಒಂದು ಹನಿ ಮುಟ್ಟದ ತಾನು ಸತ್ತರೆ ಹೊರಲು ನಾಲ್ಕು ಜನ ಸಿಕ್ಕರೆ ಹೆಚ್ಚು ಎಂದುಕೊಂಡ.

ಸತ್ತವನ ಗೆಳೆಯ ಹೊಳಬಸಪ್ಪ ಹೂಳುವ ಕುಣಿಗೆ ಹಾಕುವ ಉಪ್ಪಿನ ಚೀಲ ಹೊತ್ತು ತಂದು ಕಟ್ಟೆಯ ಮೇಲಿಟ್ಟ.

"ಉಪ್ಪು ಮುಟ್ಟಬ್ಯಾಡಂತ ಡಾಕ್ಟರು ಬಡಕೊಂಡ್ರು. ಈಗ ಚೀಲಗಟ್ಟಲೆ ತಿನ್ನಲಿ ಮಗ," ಎಂದು ಕಣ್ಣೊರೆಸಿಕೊಂಡ.

ಅಳುವವರೂ ನಕ್ಕರು. ಸತ್ತ ಮೇಲೂ ಮಂದಿಯನ್ನು ನಗಿಸುತ್ತಾನಲ್ಲ ಎಂದು ಶಿದ್ರಾಮಪ್ಪನಿಗೆ ಇನ್ನಷ್ಟು ಉರಿಯಿತು.

*

ಅಪ್ಪ ಸತ್ತಾಗ ಮನೆ, ಮಗ್ಗ, ಹಿತ್ತಲಿನ ಬೇವಿನ ನೆರಳು ಸಹ ಸಮಪಾಲಾಗಿತ್ತು. ಅವ್ವ ಮಾತ್ರ ಕುಡುಕನ ಕಡೆ ಹೋದಳು. "ನೀ ಶಾಣ್ಯಾ ಇದ್ದಿ. ಅವಗ ಯಾರದಾರ?" ಎಂದಿದ್ದಳು. ಜಾಣನಾಗಿದ್ದೇ ತಪ್ಪಾಯಿತೇ ಎಂದು ಶಿದ್ರಾಮಪ್ಪ ಆಮೇಲೆ ಎಷ್ಟೋ ಸಲ ಹಲ್ಲು ಕಡಿದ.

ಚನಮಲ್ಲಪ್ಪನ ಬಿಪಿ ಇನ್ನೂರಕ್ಕೆ ಏರಿದಾಗ, ಮುಂಬೈಯ ಔಷಧ ಕಾರ್ಖಾನೆಯಲ್ಲಿದ್ದ ತಂಗಿಯ ಗಂಡ ಟಾರಿನ್ ಎಂಬ ಬಿಳಿ ಪುಡಿ ಕಳಿಸತೊಡಗಿದ. ಕುಡಿದು ಬಿಪಿ ಏರಿದವರಿಗೆ ಅದು ಒಳ್ಳೆಯದೆಂದು ಜಪಾನಿನ ಕಡೆ ಹೇಳುತ್ತಾರಂತೆ. ಜಮಖಂಡಿಯ ಡಾಕ್ಟರು ಡಬ್ಬಿ ತಿರುಗಿಸಿ ಓದಿ, ಮೊದಲು ಕುಡಿಯುವುದು ಬಿಡು, ಗುಳಿಗೆ ತಪ್ಪಿಸಬೇಡ, ಇದನ್ನೂ ದಿನಕ್ಕೆ ಎರಡು ಸಣ್ಣ ಚಮಚೆ ತಗೊಂಡು ನೋಡು ಎಂದರು. ತಿಂಗಳಿಗೊಂದು ಡಬ್ಬಿ ಬರುತ್ತಿತ್ತು, ಅದೂ ತಮ್ಮನ ಹೆಸರಿಗೆ. ಅಣ್ಣ ಹೇಗಿದ್ದಾನೆ ಎಂದು ಒಂದು ಕಾರ್ಡಿನಲ್ಲೂ ಯಾರೂ ಕೇಳಲಿಲ್ಲ.

ಸಂತೆಯ ದಿನ ತಮ್ಮ ಹೊರಗೆ ಹೋದಾಗ ಶಿದ್ರಾಮಪ್ಪ ಅವನ ಅಡುಗೆಮನೆ ಹೊಕ್ಕು ಪುಡಿ ತೆಗೆಯತೊಡಗಿದ. ತಿನ್ನಲಿಲ್ಲ. ರೋಗವಿಲ್ಲದವನಿಗೆ ಔಷಧ ಯಾಕೆ? ನೇಯುವಾಗ ಕಾಲು ಇಳಿಬಿಡುವ ತನ್ನ ಮಗ್ಗದ ತಗ್ಗಿನಲ್ಲಿ ಒಂದು ಡಬ್ಬಿಗೆ ತುಂಬಿಡುತ್ತ ಬಂದ. ಎಂಟು ತಿಂಗಳಿಗೆ ಡಬ್ಬಿ ತುಂಬಿತು.

*

ಹೆಣ ಎತ್ತುವ ಮುಂಚೆ ತಮ್ಮನ ಹೆಂಡತಿ ಸಾವಿತ್ರೆವ್ವ ಅವನನ್ನು ಒಳಗೆ ಕರೆದು, ಅರ್ಧ ಉಳಿದ ಪುಡಿಯ ಡಬ್ಬಿ ಕೈಗಿಟ್ಟಳು.

"ಇದು ನಿಮ್ಮ ಪಾಲು, ಭಾವಾರ. ಎರಡು ಚಮಚೆ ಅಂದಿದ್ರು, ಇವರು ಒಂದ ತಗೋತಿದ್ರು. ಇನ್ನೊಂದು ಅಣ್ಣಂದು, ಅಂವಗೂ ಬಿಪಿ ಇರಬೇಕು, ನಾಚಿ ಹೇಳವಲ್ಲ ಅಂತಿದ್ರು. ನೀವು ಬರಲಿ ಅಂತ ಸಂತಿ ದಿನಾ ಬೇಕಂತ ಹೊರಗ ಹೋಗ್ತಿದ್ರು."

ಶಿದ್ರಾಮಪ್ಪ ಡಬ್ಬಿಯ ಮುಚ್ಚಳ ತೆಗೆದು ನೋಡಿದ.

"ಎರಡೂ ತಗೊಂಡಿದ್ರ ಉಳೀತಿದ್ನೇನು?"

"ಯಾರಿಗೆ ಗೊತ್ತರಿ. ಕುಡಿಯೂದಂತೂ ಬಿಡಲಿಲ್ಲ."

ಕಳ್ಳತನ ಮಾಡಿದವನು ತಾನು. ಅದರಲ್ಲೂ ತಮ್ಮನೇ ದೊಡ್ಡವನಾದ. ಈ ಹೊಟ್ಟೆಕಿಚ್ಚಿಗೆ ಮಾತ್ರ ಅವನಲ್ಲಿ ಔಷಧವಿರಲಿಲ್ಲ.

ಕುಣಿಯಲ್ಲಿ ಕೂತ ಚನಮಲ್ಲಪ್ಪನ ಸುತ್ತ ಉಪ್ಪು ಬಿತ್ತು. ಎಲ್ಲರೂ ಒಂದೊಂದು ಹಿಡಿ ವಿಭೂತಿ ಹಾಕಿದರು. ಕೊನೆಗೆ ಶಿದ್ರಾಮಪ್ಪ ಮಗ್ಗದ ತಗ್ಗಿನಿಂದ ತಂದ ಡಬ್ಬಿ ತೆರೆದು, ಪುಡಿಯನ್ನೆಲ್ಲ ತಮ್ಮನ ಮಡಿಲಿಗೆ ಸುರಿದ. ವಿಭೂತಿಯ ಮೇಲೆ ಅದು ಬಿಸಿಲಿಗೆ ಮಿನುಗಿತು. ಎಲ್ಲಿಂದಲೋ ಛಲೋ ವಿಭೂತಿ ತರಿಸಿದ್ದಾನೆ, ಅಣ್ಣ ಅಂದರೆ ಹೀಗಿರಬೇಕು ಎಂದು ಮಂದಿ ಮಾತಾಡಿಕೊಂಡರು.

ಅವನ ಕಂಕುಳಲ್ಲಿ ಇನ್ನೊಂದು ಡಬ್ಬಿ ಇದ್ದುದನ್ನು ಕಂಡ ಹೊಳಬಸಪ್ಪ, ಅದನ್ನೂ ಹಾಕಲು ಕೈಚಾಚಿದ.

ಶಿದ್ರಾಮಪ್ಪ ಹಿಂದೆ ಸರಿದು, ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡ.

"ಇದು ನಂದು," ಎಂದ. "ನನ್ನ ತಮ್ಮ ಕೊಟ್ಟಾನ."