ಖಾಲಿ ಮಾಡಿಕೊಂಡು ಹೋದಳು

ಇನ್ನೊಂದು ಸಲ ಸಿಗದೆ ಹೋದರೆ ಎರಡು ವರ್ಷ ಓಟವಿಲ್ಲ. ಮಹಡಿ ಮನೆಯ ಇಸಾಟುವಿನ ವಿಷಯದಲ್ಲಿ ಮುನಿರಾಮಯ್ಯನವರಿಗೆ ಇಷ್ಟಂತೂ ಚೆನ್ನಾಗಿ ಗೊತ್ತಿತ್ತು. ಸಿಯೆರಾ ಲಿಯೋನ್ ದೇಶದವಳು, ಇನ್ನೂರು ಮೀಟರ್ ಓಟಗಾರ್ತಿ. ಹಿಂದಿನ ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ ಕೂದಲೆಳೆಯಷ್ಟರಲ್ಲಿ ಫೈನಲ್ ತಪ್ಪಿಸಿಕೊಂಡವಳು. ಕೆಂಗೇರಿ ಕಡೆಯ ಕೋಚ್ ಒಬ್ಬರನ್ನು ನಂಬಿ ಬಂದು ಆರ್‌ಪಿಸಿ ಲೇಔಟಿನಲ್ಲಿ ಅವರ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದಳು. ಉದ್ದೀಪನ ಮದ್ದಿನ ಪರೀಕ್ಷೆಗೆಂದು ದಿನಕ್ಕೊಂದು ಗಂಟೆ, ಬರೆದುಕೊಟ್ಟ ಜಾಗದಲ್ಲೇ ಇರಬೇಕು. ಪರೀಕ್ಷೆಯವರು ಹೇಳಿ ಬರುವುದಿಲ್ಲ, ಫೋನೂ ಮಾಡುವುದಿಲ್ಲ. ಒಮ್ಮೆ ಹಳೇ ವಿಳಾಸಕ್ಕೆ ಹೋಗಿ ವಾಪಸಾದರು. ಇನ್ನೊಮ್ಮೆ ಅವಳ ವಿಮಾನ ತಡವಾಯಿತು. ಇಪ್ಪತ್ತೊಂಬತ್ತರ ಕಾಲುಗಳಿಗೆ ಎರಡು ವರ್ಷ ಅಂದರೆ ಎಲ್ಲ ಮುಗಿದಂತೆ.

"ಡಾಕ್ಟ್ರ ಥರದವ್ರು ಬರ್ತಾರಪ್ಪ, ಬೆಳಿಗ್ಗೆ ಆರರಿಂದ ಏಳರೊಳಗೆ. ಬಂದ್ರೆ ಸೀದಾ ಮೇಲಕ್ಕೆ ಕಳಿಸಿ," ಎಂದು ಮಗಳು ಧನ್ಯಶ್ರೀ ಹೇಳಿದ್ದಳು.

ಮುನಿರಾಮಯ್ಯ ಹೆದರಿದ್ದು ಬೇರೆಯವರಿಗೆ. ಬಡಾವಣೆ ಸಂಘದ ವೆಂಕಟಗಿರಿ ಹೋದ ವಾರ ಹಾಲಿನ ಬೂತಿನಲ್ಲಿ ಹಿಡಿದುಕೊಂಡಿದ್ದ. "ಫಾರಿನ್ನವಳನ್ನ ಇಟ್ಕೊಂಡಿದೀರಂತೆ, ಮುನಿರಾಮಣ್ಣ. ಮೂರು ಜನ ಕಂಪ್ಲೇಂಟ್ ಕೊಟ್ಟವ್ರೆ. ಸ್ಟೇಷನ್ನಿಂದ ಬಂದ್ರೆ ನನ್ನ ಅನ್ಬೇಡಿ."

"ಖಾಲಿ ಮಾಡ್ಕೊಂಡು ಹೋದ್ಳಪ್ಪ," ಎಂದುಬಿಟ್ಟರು. ಫೈಲು ಹಿಡಿದು ಬಂದವರಿಗೆಲ್ಲ ಮನೆ ಮಾಲೀಕರು ಹೇಳುವ ಮಾತು ಅದು. ಮಗಳಿಗೆ ತಿಳಿಸಲಿಲ್ಲ.

ಗುರುವಾರ ಆರು ಹತ್ತಕ್ಕೆ ಗೇಟಿನ ಮುಂದೆ ಸ್ಕೂಟರ್ ನಿಂತಿತು. ಒಬ್ಬ ಹೆಂಗಸು, ಒಬ್ಬ ಗಂಡಸು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು. ಬಿಳಿ ಕೋಟಿಲ್ಲ, ಕಾರಿಲ್ಲ.

"ಇಸಾಟು ಅನ್ನೋರು ಇಲ್ಲೇ ಅಲ್ವಾ ಸಾರ್?" ಹೆಂಗಸು ಕೇಳಿದಳು.

"ಏನಮ್ಮ ವಿಷಯ?"

"ಅದನ್ನ ಅವ್ರ ಹತ್ರಾನೇ ಹೇಳ್ಬೇಕು."

ಪೊಲೀಸರೂ ಹೀಗೇ ಮಾತಾಡುವುದು. "ಖಾಲಿ ಮಾಡ್ಕೊಂಡು ಹೋದ್ಳು. ಎರಡು ತಿಂಗಳಾಯ್ತು."

"ಒಂದ್ಸಲ ಬಾಗ್ಲು ತಟ್ಟಿ ನೋಡ್ಬಹುದಾ?"

"ಖಾಲಿ ಮನೆ ಬಾಗ್ಲು ತಟ್ಟಿದ್ರೆ ಜಿರಳೆ ಬಂದು ತೆಗೀತದಾ?"

ಗಂಡಸು ನಕ್ಕ. ಹೆಂಗಸು ನಗಲಿಲ್ಲ, ಗಡಿಯಾರ ನೋಡಿ ಏನೋ ಬರೆದುಕೊಂಡಳು.

ಅವರು ಹೋಗಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ನಿಂತರು. ಮುನಿರಾಮಯ್ಯ ಗೇಟಿಗೆ ಬೀಗ ಜಡಿದು, ಬೆಲ್ಲಿನ ಸ್ವಿಚ್ಚು ಆರಿಸಿ, ಕುರ್ಚಿ ಹಾಕಿಕೊಂಡು ಕೂತರು. ಇಸಾಟುವಿನ ಕೋಣೆ ಹಿಂದುಗಡೆ, ಅಲ್ಲಿಂದ ಬೀದಿ ಕಾಣದು. ಮೇಲೆ ನಲ್ಲಿ ತಿರುಗಿದ ಸದ್ದಾಯಿತು. ಕೆಮ್ಮಬೇಡ ತಾಯಿ, ಕೆಳಗಿಳಿಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಹೆಂಗಸು ಎರಡು ಸಲ ಬಂದು ಗೇಟಿನ ಬೆಲ್ ಒತ್ತಿದಳು. ಅದು ಸದ್ದು ಮಾಡಲಿಲ್ಲ. ಅಷ್ಟು ಹೊತ್ತು ಕಾಯುವ ಪೊಲೀಸರನ್ನು ಅವರು ಕಂಡಿರಲಿಲ್ಲ. ಆದರೂ ಏಳಲಿಲ್ಲ.

ಏಳಕ್ಕೆ ಸರಿಯಾಗಿ ಇಬ್ಬರೂ ಒಂದು ಹಾಳೆಗೆ ಸಹಿ ಹಾಕಿ ಹೊರಟರು.

ಮುನಿರಾಮಯ್ಯ ಮೆಟ್ಟಿಲು ಹತ್ತಿದರು. ಇಸಾಟು ಬೂಟು ತೊಟ್ಟು, ಮೂತ್ರದ ಪರೀಕ್ಷೆಗೆ ಸಿದ್ಧಳಾಗಿ ನೀರು ಕುಡಿಯುತ್ತ ಬಾಗಿಲ ಬಳಿಯೇ ಕೂತಿದ್ದಳು.

"ಟೂ ಪೀಪಲ್ ಕಮ್. ಫೈಲ್, ಸ್ಕೂಟರ್. ಐ ಸೇ ಯೂ ವೆಕೇಟ್."

"ವಾಟ್ ಟೈಮ್, ಅಂಕಲ್?"

"ಸಿಕ್ಸ್ ಟೆನ್. ಒನ್ ಅವರ್ ಸ್ಟ್ಯಾಂಡಿಂಗ್." ಅವಳ ಮುಖ ನೋಡಿದ ಮೇಲೆ ಅವರ ಬಾಯಿಂದ ಹೊರಟಿತು: "ಡಾಕ್ಟ್ರಾ ಅವ್ರು?"

ಅವಳು ಮೆಟ್ಟಿಲು ಹಾರಿ, ಗೇಟು ಹಾರಿ ಬೀದಿಗೆ ಬಿದ್ದಳು. ಮುನಿರಾಮಯ್ಯ ಅವಳ ಓಟ ನೋಡಿದ್ದು ಅದೇ ಮೊದಲು. ನಾಯಿಗಳೂ ಬೊಗಳುವುದನ್ನು ಮರೆತವು. ತಿರುವಿನಲ್ಲಿ ಕಸದ ಆಟೋದ ಹಿಂದೆ ಸಿಕ್ಕಿಕೊಂಡಿದ್ದ ಸ್ಕೂಟರನ್ನು ಮುಟ್ಟಿಯೇಬಿಟ್ಟಳು.

ಮುನಿರಾಮಯ್ಯ ಬೀಗ ತೆಗೆದು ಏದುಸಿರು ಬಿಡುತ್ತ ಸೇರುವಷ್ಟರಲ್ಲಿ ಹೆಂಗಸು ಕೈಗಡಿಯಾರ ತೋರಿಸುತ್ತಿದ್ದಳು. ಏಳು ಗಂಟೆ ಒಂಬತ್ತು ನಿಮಿಷ.

"ತಪ್ಪು ನಂದಮ್ಮ. ಅವಳು ಮೇಲೇ ಇದ್ಳು. ನಾನೇ ಇಲ್ಲ ಅಂದೆ."

ಹೆಂಗಸು ಫೈಲು ಮತ್ತೆ ಬಿಚ್ಚಿದಳು. "ಮೇಲೇ ಇದ್ರಾ?"

"ನಿಧಾನಕ್ಕೆ ಹೇಳಿ, ಯಜಮಾನ್ರೇ," ಎಂದ ಗಂಡಸು. ಈಗ ಅವನೂ ನಗುತ್ತಿರಲಿಲ್ಲ. "ಸಿಗದೆ ಹೋದ್ರೆ ಎರಡು ವರ್ಷ. ಪರೀಕ್ಷೆ ತಪ್ಪಿಸೋಕೆ ಬಚ್ಚಿಟ್ಕೊಂಡಿದ್ರೆ ನಾಲ್ಕು."

ಕನ್ನಡ ಬಾರದ ಇಸಾಟು ಮುನಿರಾಮಯ್ಯನವರ ಮುಖವನ್ನೇ ನೋಡುತ್ತ, ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು.

"ಹಾಗೆ ಹೇಳಿ ಅಂತ ನಿಮಗೆ ಹೇಳಿದ್ದು ಯಾರು, ಸಾರ್?" ಹೆಂಗಸು ಪೆನ್ನಿನ ಮುಚ್ಚಳ ತೆಗೆದಳು.