ಸ್ಟೆಪ್ ಮದರಿನ ಸ್ಟೆಪ್ಪು

ಪಾಂಡವಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ರಂಜಿತಳಿಗೆ 'ಗೊತ್ತಿಲ್ಲ' ಎಂದು ಒಪ್ಪಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ತೊಂಬತ್ನಾಲ್ಕರ ಆಷಾಢದಲ್ಲಿ ಒಂದು ದಿನ ರಮ್ಯ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಸ್ಟೆಪ್ ಮದರ್ ಅಂತಾರಲ್ಲ, ಆ ಸ್ಟೆಪ್ಪು ಅಂದ್ರೆ ಮೆಟ್ಲಾ?" ಎಂದಳು. ಕ್ಲಾಸು ಗೊಳ್ಳೆಂದಿತು. ರಂಜಿತ ನಗಲಿಲ್ಲ. ಆ ಪದ ಅವಳ ಮನೆಯಲ್ಲೇ ಇತ್ತು.

ಅವಳಿನ್ನೂ ಕೂಸಾಗಿದ್ದಾಗಲೇ ಹೆತ್ತವಳು ತೀರಿಕೊಂಡಳು. ಅಪ್ಪ ಕೆಂಪಣ್ಣ ನಾಗಮಂಗಲದ ಹತ್ತಿರದ ತಮ್ಮೂರಿಗೆ ಚಿಕ್ಕಬೋರಮ್ಮನನ್ನು ಕಟ್ಟಿಕೊಂಡು ಬಂದ. ಸತ್ತವಳು ಮುನಿಯದಿರಲೆಂದು ಅವಳ ಹೆಸರಿನಲ್ಲಿ ಒಂದು ಚಿನ್ನದ ಸವತಿ ಬಿಲ್ಲೆ ಮಾಡಿಸಿ ಎರಡನೆಯವಳ ಕೊರಳಿಗೆ ಹಾಕಿದರು. ಹೊಸ ಸೀರೆ ಬಂದರೆ ಚಿಕ್ಕಬೋರಮ್ಮ ಮೊದಲು ಅದಕ್ಕೆ ಮುಟ್ಟಿಸಿಯೇ ಉಡುತ್ತಿದ್ದಳು. ಅಪ್ಪ ಹೋದ ಮೇಲೆ ತಾಳಿ ತೆಗೆದರು. ಬಿಲ್ಲೆಯನ್ನು ಮಾತ್ರ ಅವಳು ಬಿಡದೆ ಕರಿದಾರಕ್ಕೆ ಪೋಣಿಸಿಕೊಂಡಳು. ಅವ್ವನನ್ನೇ ಕದ್ದು ಕೊರಳಿಗೆ ನೇತುಹಾಕಿಕೊಂಡಿದ್ದಾಳೆ ಎಂದು ರಂಜಿತ ಒಳಗೊಳಗೇ ಕುದಿಯುತ್ತಿದ್ದಳು. ಸಾಕಿದವಳನ್ನು ಒಂದು ದಿನವೂ ಅವ್ವ ಎನ್ನಲಿಲ್ಲ. ಚಿಕ್ಕವ್ವ, ಅಷ್ಟೇ.

ಕಾಲೇಜಿನ ನಿಘಂಟು ಬಾಯಿ ಬಿಡಲಿಲ್ಲ. ಹಟ ಹಿಡಿದು ಶನಿವಾರ ಮೈಸೂರಿನ ದೊಡ್ಡ ಲೈಬ್ರರಿಗೆ ಹೋದಳು. ಮೆಟ್ಟಿಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಬೇರಿಗೆ 'ಕಳೆದುಕೊಂಡ' ಎಂಬ ಅರ್ಥವಿತ್ತು. ಸ್ಟೆಪ್ ಚೈಲ್ಡ್ ಎಂದರೆ ತಬ್ಬಲಿ. ಆ ತಬ್ಬಲಿಗೆ ತಾಯಾಗಿ ಬಂದವಳು ಸ್ಟೆಪ್ ಮದರ್. ಕಿತ್ತುಕೊಂಡವಳು ಎಂಬ ಸುಳಿವು ಆ ಪದದಲ್ಲಿ ಎಲ್ಲಿಯೂ ಇರಲಿಲ್ಲ. ಇಷ್ಟು ತಿಳಿಯಲು ಇಂಗ್ಲಿಷಿನವರ ಮನೆ ಬಾಗಿಲು ತಟ್ಟಬೇಕಾಯಿತೇ ಎಂದು ರಂಜಿತಳಿಗೆ ಅಳು ನುಗ್ಗಿ ಬಂತು. ಚಿಕ್ಕಬೋರಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು. ಜೀವ ಇರುವಾಗಲೇ ಒಂದು ಸಲ ಅವ್ವ ಎಂದು ಕರೆಯಬೇಕೆಂದು ಅಲ್ಲಿಂದಲೇ ನಾಗಮಂಗಲದ ಬಸ್ಸು ಹತ್ತಿದಳು.

ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ರಂಜಿತ ಚಾಪೆಯ ಮೇಲೆ ಪಕ್ಕದಲ್ಲೇ ಕೂತು, "ಅವ್ವಾ" ಎಂದಳು.

ಚಿಕ್ಕಬೋರಮ್ಮ ಹೊರಳಿದಳು. ಮುಖ ಅರಳಿತು. ಕರಿದಾರ ಎಳೆದು, ಬಿಲ್ಲೆಯನ್ನು ರಂಜಿತಳ ಬಾಯಿಯ ಹತ್ತಿರಕ್ಕೆ ಹಿಡಿದಳು.

"ಇನ್ನೊಂದ್ಸಲ ಕೂಗು ಮಗ, ನಿಮ್ಮವ್ವ ಕೇಳುಸ್ಕತಾವ್ಳೆ. ಅಂಗೇ, ನಾನು ನಿನ್ನ ಚೆನ್ನಾಗ್ ನೋಡ್ಕಂಡೆ ಅಂತ ಒಂದ್ ಮಾತು ಏಳ್ಬುಡು. ನಾಳೆ ಓಗಿ ಅವ್ಳ ಮಕ ನೋಡ್ಬೇಕಲ್ಲ ನಾನು."

ಕರೆದದ್ದು ನಿನ್ನನ್ನೇ ಎನ್ನಲು ರಂಜಿತ ಬಾಯಿ ತೆರೆದಳು. ಆ ಮುಖದಲ್ಲಿದ್ದ ನೆಮ್ಮದಿಯನ್ನು ಕೆಡಿಸಲು ಮನಸ್ಸು ಬರಲಿಲ್ಲ. ಬೆಚ್ಚಗಿದ್ದ ಬಿಲ್ಲೆಗೆ ತುಟಿ ತಾಗಿಸಿ, ಅಳುತ್ತಲೇ ಹೇಳಿದಳು.

"ಚಿಕ್ಕವ್ವ ನನ್ನ ಚೆನ್ನಾಗ್ ನೋಡ್ಕಂಡ್ಳು ಕಣವ್ವ."