ಉಗುಳುವ ಲೋಟ

ಕೆಲಸದ ಜಾಗದಲ್ಲಿ ನುಂಗಿದ್ದು ತಿಂದ ಲೆಕ್ಕಕ್ಕೆ ಬರುತ್ತದೆಯೇ? ಮೂರು ತಿಂಗಳಿಂದ ಈ ಪ್ರಶ್ನೆಯನ್ನು ನಾನು ಡೈರಿಯಲ್ಲೂ ಬರೆದಿಲ್ಲ. ಬರೆದರೆ ಉತ್ತರವನ್ನೂ ಬರೆಯಬೇಕಾಗುತ್ತದೆ.

ನಾನು ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವವಳು. ಆಹಾರ ವಿಜ್ಞಾನದಲ್ಲಿ ಪದವಿ ಮಾಡಿದ್ದಕ್ಕೆ ಸಿಕ್ಕ ಕೆಲಸ. ಉದ್ದನೆಯ ಬಿಳಿ ಮೇಜು, ಐದು ಕುರ್ಚಿ, ಪ್ರತಿಯೊಬ್ಬರ ಬಲಕ್ಕೆ ಕುಡಿಯುವ ನೀರು, ಎಡಕ್ಕೆ ಉಗುಳುವ ಲೋಟ. ಬೆಳಿಗ್ಗೆ ಹನ್ನೆರಡು ತುಂಡು, ಮಧ್ಯಾಹ್ನ ಹನ್ನೆರಡು, ಒಂದೊಂದೂ ಅರ್ಧ ಬಿಸ್ಕತ್ತಿನಷ್ಟು. ಅಗಿಯಬೇಕು, ಹತ್ತು ಎಣಿಸಬೇಕು, ಉಗುಳಬೇಕು, ಅಂಕ ಹಾಕಬೇಕು. ನಮ್ಮ ಐವರಲ್ಲಿ ಹಿರಿಯರಾದವರನ್ನು ಎಲ್ಲರೂ ‘ನಾಲಿಗೆ ಸಾರ್’ ಎನ್ನುತ್ತಾರೆ. ಒಲೆಯಲ್ಲಿ ಒಂದು ನಿಮಿಷ ಹೆಚ್ಚು ಬೆಂದಿದ್ದರೂ ಅವರಿಗೆ ಗೊತ್ತಾಗುತ್ತದೆ. ಉಗುಳುವುದರಲ್ಲೂ ಅವರದೊಂದು ಶಿಸ್ತು, ಸದ್ದೇ ಬರುವುದಿಲ್ಲ.

ನನಗೆ ನಾಲ್ಕು ಜನರ ಮುಂದೆ ಉಗುಳಲು ಆಗುವುದಿಲ್ಲ. ಮೊದಲ ದಿನ ಲೋಟವನ್ನು ಬಾಯಿಯವರೆಗೆ ತಂದೆ. ಎದುರಿಗೆ ಕೂತವರು ಸುಮ್ಮನೆ ತಲೆಯೆತ್ತಿ ನೋಡಿದರು. ನುಂಗಿಬಿಟ್ಟೆ. ಆಮೇಲೆ ಅದೇ ರೂಢಿಯಾಯಿತು. ಲೋಟ ಎತ್ತುತ್ತೇನೆ, ತಲೆ ಬಗ್ಗಿಸುತ್ತೇನೆ, ನುಂಗುತ್ತೇನೆ. ಲೋಟ ಖಾಲಿ ಕಾಣಬಾರದೆಂದು ಯಾರೂ ನೋಡದಾಗ ಅದಕ್ಕೆ ಸ್ವಲ್ಪ ನೀರು ಸುರಿಯುತ್ತೇನೆ. ಹೀಗೇ ಎರಡು ವರ್ಷ.

ಕಾರ್ಖಾನೆಯವರು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ಆರು ಪಾಯಿಂಟ್ ಒಂದು ಬಂತು. ಅಮ್ಮ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

“ಶುಗರ್ ಇನ್ನೂ ಒಳಗೆ ಬಂದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದೆ ಅಷ್ಟೆ” ಎಂದರು ಡಾಕ್ಟರು. “ಮೂರು ತಿಂಗಳು ನಡೀರಿ, ಊಟ ಸರಿ ಮಾಡ್ಕೊಳ್ಳಿ, ತಿಂದಿದ್ದೆಲ್ಲ ಬರ್ದಿಡಿ. ಆಗ್ಲೂ ಇಳೀಲಿಲ್ಲ ಅಂದ್ರೆ ಮಾತ್ರೆ ನೋಡೋಣ. ಏನು ಕೆಲಸ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು. “ಬಿಸ್ಕತ್ ರುಚಿ ನೋಡೋದು. ಆದ್ರೆ ನುಂಗಲ್ಲ ಡಾಕ್ಟ್ರೇ, ಉಗುಳ್ತಾರೆ. ಅಲ್ಲಿ ನಿಯಮಾನೇ ಹಾಗೆ.”

ನಾನು ಹೌದೆಂದು ತಲೆಯಾಡಿಸಿದೆ.

ಮನೆಗೆ ಬಂದವಳೇ ಅಮ್ಮ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. “ಇಪ್ಪತ್ತಾರಕ್ಕೇ ಮಾತ್ರೆ ಹಿಡ್ಕೊಂಡು ಓಡಾಡ್ತೀಯಾ? ನಾನಿನ್ನೂ ಬದುಕಿದೀನಿ, ಏಳು.” ಅವಳೂ ಸಕ್ಕರೆ ಬಿಟ್ಟಳು. ಬೆಳಿಗ್ಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ನನ್ನ ಜೊತೆ ನಲವತ್ತು ನಿಮಿಷ ನಡೆದಳು. ಪಾರ್ಕಿನ ಎರಡನೇ ಸುತ್ತಿಗೆ, “ನನ್ನ ಮಂಡಿ ನಿನ್ನ ಹೆಸರು ಹಿಡಿದು ಬೈತಾ ಇದೆ ಕಣೇ” ಎನ್ನುತ್ತಿದ್ದಳು. ಆದರೂ ಮೂರನೆಯದನ್ನು ಬಿಡುತ್ತಿರಲಿಲ್ಲ. ಊಟವಾದ ಮೇಲೆ ನಾನು ಡೈರಿಯಲ್ಲಿ ಬರೆಯುತ್ತಿದ್ದೆ: ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ನಡುವೆ ಏನೂ ಇಲ್ಲ. ನನ್ನ ಅಕ್ಷರ ಮೊದಲಿನಿಂದಲೂ ದುಂಡಗೆ.

ಹೋದ ವಾರ ನಾಲಿಗೆ ಸಾರ್ ನನ್ನ ಲೋಟದೊಳಗೆ ಬಗ್ಗಿ ನೋಡಿದರು. “ಇದೇನಮ್ಮಾ, ನಿನ್ನ ಲೋಟ ಮಾತ್ರ ಯಾವಾಗ್ಲೂ ತಿಳಿಯಾಗಿರುತ್ತೆ. ಮಿಕ್ಕವರದ್ದು ಕೆಸರುಗುಂಡಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ, ತಮ್ಮ ಕುರ್ಚಿಗೆ ಹೋಗಿ ಕೂತರು. ನನಗೆ ಏನೂ ಅನ್ನಿಸಲಿಲ್ಲ. ಮುಂದಿನ ತುಂಡಿಗೆ ಏಳು ಅಂಕ ಹಾಕಿದೆ.

ಇವತ್ತು ಹೊಸ ವರದಿ ಬಂತು. ಆರು ಪಾಯಿಂಟ್ ಮೂರು.

ಡಾಕ್ಟರು ನನ್ನ ಡೈರಿಯನ್ನು ಪುಟ ಪುಟವಾಗಿ ತಿರುವಿದರು. “ಇಷ್ಟು ಅಚ್ಚುಕಟ್ಟಾಗಿ ಬರ್ದವರನ್ನ ನಾನು ನೋಡಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಏರಿದೆ ಅಂದ್ರೆ ನಡಿಗೆ, ಊಟ ಸಾಲದು ಅಂತ್ಲೇ ಅರ್ಥ. ಮಾತ್ರೆ ಶುರು ಮಾಡೋಣ. ಹೆದರೋದೇನಿಲ್ಲ.”

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನನ್ನಿಂದ್ಲೇ ಬಂದಿರೋದು ಡಾಕ್ಟ್ರೇ. ನಮ್ಮಮ್ಮನಿಗೂ ಇತ್ತು. ನಾನು ಏನು ಮಾಡಿದ್ರೂ ಅಷ್ಟೆ. ನಾನೇ ಕೊಟ್ಟಿದ್ದಲ್ವಾ ಇವಳಿಗೆ.”

ಅವಳ ದನಿ ಎಲ್ಲೋ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. ಮಾತ್ರೆ ಸುಲಭ, ಅಂದುಕೊಂಡೆ. ಬಾಗಿಲು ಹಾಕಿಕೊಂಡು ನುಂಗಿದರಾಯಿತು, ಯಾರ ಮುಂದೆಯೂ ಏನೂ ಮಾಡಬೇಕಿಲ್ಲ. ನಾಳೆಯೂ ಲೋಟ ಎತ್ತಿ ತಲೆ ಬಗ್ಗಿಸಬಹುದು. ಅಮ್ಮ ತನ್ನನ್ನೇ ಬೈದುಕೊಳ್ಳುತ್ತ ಇರುತ್ತಾಳೆ. ಇದನ್ನೆಲ್ಲ ಬೇರೆ ಯಾರದೋ ವಿಷಯದಂತೆ ಯೋಚಿಸುತ್ತ ಕೂತಿದ್ದೆ. ಅಮ್ಮನ ಕೈ ಸೆರಗು ಬಿಟ್ಟು ಮಂಡಿಗೆ ಹೋಗಿ, ಪಟ್ಟಿಯ ಮೇಲೆ ಮೆಲ್ಲಗೆ ಉಜ್ಜತೊಡಗಿತು.

ಡಾಕ್ಟರು ಚೀಟಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. “ಪುಸ್ತಕದಲ್ಲಿ ಬರೆಯದೆ ಬಿಟ್ಟಿದ್ದು ಏನೂ ಇಲ್ಲ ತಾನೆ?”

“ಏನಿರುತ್ತೆ ಡಾಕ್ಟ್ರೇ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀನಿ” ಎಂದಳು ಅಮ್ಮ.

ಪೆನ್ನು ಕಾಗದಕ್ಕೆ ತಾಗಿತು.

“ನಾನು ಉಗುಳಲ್ಲ ಅಮ್ಮ” ಎಂದೆ. “ನುಂಗ್ತೀನಿ. ದಿನಾ ಇಪ್ಪತ್ನಾಲ್ಕನ್ನೂ.”